ಮಳೆ ಹಿಡಿದಾಗಿನಿಂದ ಸೆಟ್‌ಟಾಪ್ ಬಾಕ್ಸ್ ಕೆಲಸ ಮಾಡುತ್ತಿಲ್ಲ, ಹೊಸದು ಕೊಳ್ಳಬೇಕೇ?

ಮಳೆ ಹಿಡಿದ ಮೇಲೆ ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಎಂದು ಬರುತ್ತಿದೆ, ಕೆಲವು ದಿನ ಬಾಕ್ಸಿನ ಕೆಂಪು ದೀಪ ಮಿನುಗಿ ಆರಿಹೋಗುತ್ತದೆ, ರಿಪೇರಿಯವರು ಹೊಸದು ತೆಗೆದುಕೊಳ್ಳಿ ಎಂದಿದ್ದಾರೆ ಎಂದು ತೀರ್ಥಹಳ್ಳಿ ಕಡೆಯಿಂದ ಬರೆದಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಕೊಡಬೇಡಿ. ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಅಂಚಿನಲ್ಲಿದೆ. ಒಂದು ವರ್ಷ ಆರಿದ್ರಾ ಮಳೆಯಲ್ಲಿ ನಮಗೂ ಹೀಗೆಯೇ ಆಗಿತ್ತು. ಸಂಜೆ ಚಂದನ ವಾಹಿನಿ ನೋಡದೆ ಅಮ್ಮನಿಗೆ ಬೇಸರವಾಗುತ್ತದೆ ಎಂದು ಅವಸರದಲ್ಲಿ ಹೊಸ ಬಾಕ್ಸ್ ತಂದೆವು. ಮೂರನೆಯ ದಿನ ಅದೂ ಮಿನುಗತೊಡಗಿತು. ಆಮೇಲೆ ಹಿಂಬದಿಯ ವೈರನ್ನು ಬಿಚ್ಚಿ ನೋಡಿದರೆ ಅದರ ತುದಿಯಿಂದ ನೀರು ತೊಟ್ಟಿಕ್ಕಿತು.

ನೀವು ಮೊದಲು ಮಾಡಬೇಕಾದದ್ದು ಇಷ್ಟು. ಪ್ಲಗ್ ತೆಗೆಯಿರಿ. ಡಿಶ್‌ನಿಂದ ಬರುವ ವೈರನ್ನು ತಿರುಗಿಸಿ ಬಿಚ್ಚಿ. ನಂತರ ಬಾಕ್ಸಿಗೆ ಕರೆಂಟು ಕೊಡಿ. ದೀಪ ಮಿನುಗದೆ ನಿಂತು ಉರಿದು, ಟಿವಿಯಲ್ಲಿ ಮೆನು ಕಾಣಿಸಿಕೊಂಡರೆ ಮಿನುಗುವುದಕ್ಕೆ ಕಾರಣ ಬಹುಶಃ ಬಾಕ್ಸ್ ಅಲ್ಲ, ದೋಷ ಡಿಶ್ ವೈರಿನ ಕಡೆಯದು. ಆ ವೈರು ಸಿಗ್ನಲನ್ನು ತರುವುದಷ್ಟೇ ಅಲ್ಲ, ಡಿಶ್‌ನ ತೋಳಿನ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಚಿಕ್ಕ ಸಾಧನಕ್ಕೆ ವಿದ್ಯುತ್ತನ್ನೂ ಒಯ್ಯುತ್ತದೆ. ಬಾಕ್ಸ್ 13 ವೋಲ್ಟ್ ಕಳಿಸಿದಾಗ ಎಲ್‌ಎನ್‌ಬಿ ಲಂಬವಾಗಿ ಕಂಪಿಸುವ ಅಲೆಗಳನ್ನೂ 18 ವೋಲ್ಟ್ ಕಳಿಸಿದಾಗ ಅಡ್ಡಲಾಗಿ ಕಂಪಿಸುವ ಅಲೆಗಳನ್ನೂ ಹಿಡಿಯುತ್ತದೆ. ವೈರಿನೊಳಗಿನ ಹೊರಜಾಲರಿಯ ಕೂದಲೆಳೆಯಷ್ಟು ತಂತಿ ನಡುವಿನ ತಾಮ್ರಕ್ಕೆ ತಾಗಿದರೂ, ನೀರು ನುಗ್ಗಿ ಎಲ್‌ಎನ್‌ಬಿ ಶಾರ್ಟ್ ಆದರೂ ಬಾಕ್ಸಿನ ವಿದ್ಯುತ್ತು ಕುಸಿಯುತ್ತದೆ. ದೀಪ ಮಿನುಗುವುದು ಅದಕ್ಕೇ. ಕೆಲವು ಚಾನೆಲ್‌ಗಳು ಬಂದು ಉಳಿದವು ಗುಂಪಾಗಿ ಮಾಯವಾಗಿದ್ದರೆ, 18 ವೋಲ್ಟ್ ದಾರಿಯಲ್ಲೇ ಇಳಿದುಹೋಗುತ್ತಿರಬಹುದು. ತೋಟದ ಮರಗಳನ್ನು ತಪ್ಪಿಸಲು ಡಿಶ್ಶನ್ನು ದೂರದ ಗದ್ದೆ ಬದಿಗೆ ನೆಟ್ಟು ಉದ್ದದ ವೈರು ಎಳೆದ ಮನೆಗಳಲ್ಲಿ, ಜೋಡಣೆಗಳಿಗೆ ಕಿಲುಬು ಹಿಡಿದ ಮೇಲೆ ಹೀಗಾಗುತ್ತದೆ.

ಇನ್ನೊಂದನ್ನು ಎರಡು ದಿನ ಗಮನಿಸಿ. ಜಡಿಮಳೆಯ ಹೊತ್ತಿಗೆ ಚಿತ್ರ ಹೋಗಿ, ಮಳೆ ಇಳಿದ ಕೆಲವೇ ನಿಮಿಷಗಳಲ್ಲಿ ಮರಳಿದರೆ ಅದು ದೋಷವೇ ಅಲ್ಲ. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಗಳು ಅವನ್ನು ಹೀರಿ ಚದುರಿಸಿಬಿಡುತ್ತವೆ. ಹೊಸ ಬಾಕ್ಸ್ ತಂದರೂ ಅದು ನಿಲ್ಲದು. ಆದರೆ ಮಳೆ ನಿಂತ ಮೇಲೂ ಚಿತ್ರ ಬಾರದೆ, ಎರಡು ದಿನ ಹೊಳವಾಗಿ ಬಿಸಿಲು ಬಿದ್ದಾಗ ಮಾತ್ರ ಬಂದರೆ, ಎಲ್ಲೋ ಜೋಡಣೆಯೊಳಗೆ ನೀರು ಕುಳಿತಿದೆ ಎಂದೇ ಅರ್ಥ.

ಎಲ್‌ಎನ್‌ಬಿ ಬಳಿಯ ಕನೆಕ್ಟರನ್ನೇ ಮೊದಲು ನೋಡಿ. ನಾನು ಕಂಡ ಹೆಚ್ಚಿನ ತೊಂದರೆ ಅಲ್ಲಿಯದೇ. ಬಾಕ್ಸಿನ ಪ್ಲಗ್ ತೆಗೆದೇ ಕೈ ಹಾಕಿ. ಡಿಶ್ ಮಾಡಿನ ಮೇಲಿದ್ದರೆ ಪಾಚಿ ಹಿಡಿದ ಹೆಂಚನ್ನು ಮಳೆಯಲ್ಲಿ ಹತ್ತಲೇಬೇಡಿ, ಹೊಳವಾಗುವವರೆಗೆ ಕಾಯಿರಿ. ತುದಿ ಹಸಿರುಗಟ್ಟಿದ್ದರೆ ಕತ್ತರಿಸಿ, ಒಳಗಿನ ತಾಮ್ರ ಕೆಂಪಗೆ ಹೊಳೆಯುವವರೆಗೂ ಹಿಂದೆ ಬನ್ನಿ. ನಾನು ಒಂದು ಮೊಳಕ್ಕಿಂತ ಹೆಚ್ಚು ಕತ್ತರಿಸಬೇಕಾಯಿತು, ನೀರು ಜಾಲರಿಯನ್ನು ಹಿಡಿದು ಅಷ್ಟು ದೂರ ಏರಿತ್ತು. ಹೊಸ ಕನೆಕ್ಟರ್ ಹಾಕುವಾಗ ಜಾಲರಿಯ ಎಳೆಗಳನ್ನೆಲ್ಲ ಹಿಂದಕ್ಕೆ ಮಡಚಿ, ಒಂದೂ ತಾಮ್ರಕ್ಕೆ ತಾಗದಂತೆ ನೋಡಿಕೊಳ್ಳಿ. ಮೇಲೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಪದರದ ಮೇಲೆ ಪದರ ಬರುವಂತೆ ಸುತ್ತಿ. ವೈರು ಮನೆಯೊಳಗೆ ನುಗ್ಗುವ ಮೊದಲು ಒಂದು ಬಾಗು ಕೆಳಕ್ಕೆ ಇಳಿದಿರಲಿ, ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಎಲ್‌ಎನ್‌ಬಿಯ ಮುಚ್ಚಳ ಬಿರಿದಿದ್ದರೆ ಕಣಜ ಒಳಗೆ ಗೂಡು ಕಟ್ಟಿರಬಹುದು. ಅಂಥದ್ದನ್ನು ಬದಲಿಸುವುದೇ ಸರಿ, ಅದು ಬಾಕ್ಸಿನಷ್ಟು ದುಬಾರಿಯಲ್ಲ. ವೈರಿನ ಮೇಲೇ ಅನುಮಾನವಿದ್ದರೆ ಹೊಸ ವೈರನ್ನು ಕಿಟಕಿಯಿಂದ ಹೊರಗೆ ನೆಲದ ಮೇಲೆಯೇ ಎಳೆದು ಒಮ್ಮೆ ಪರೀಕ್ಷಿಸಿ, ಆಮೇಲೆ ಹಳೆಯದನ್ನು ಕಿತ್ತರಾಯಿತು.

ಗಾಳಿಗೆ ಡಿಶ್ ತಿರುಗಿದೆಯೇ, ಅಡಿಕೆ ಸೋಗೆ ಬಡಿದು ತೋಳು ಬಾಗಿದೆಯೇ ಎಂಬುದನ್ನೂ ನೋಡಿ. ನಿಮ್ಮದು ಡಿಡಿ ಫ್ರೀ ಡಿಶ್ ಆಗಿದ್ದರೆ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಶಿವಮೊಗ್ಗದ ಕಡೆಯಿಂದ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಡಿಶ್‌ನ ಮುಖ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣದು, ಅದರ ರಚನೆಯೇ ಹಾಗೆ. ಅದನ್ನು ಕಂಡು ಸುಮ್ಮನೆ ಬಗ್ಗಿಸಲು ಹೋಗಬೇಡಿ. ಡಿಶ್ ನೆಟ್ಟಾಗ ಗಿಡವಾಗಿದ್ದ ಅಡಿಕೆ ಈಗ ಮರವಾಗಿ ಆಗ್ನೇಯ ದಿಕ್ಕಿಗೆ ಅಡ್ಡ ನಿಂತಿರಲೂಬಹುದು.

ಇನ್ನು, ವೈರು ಬಿಚ್ಚಿದ ಮೇಲೂ ದೀಪ ಮಿನುಗಿದರೆ ಆಗ ಬಾಕ್ಸಿನ ವಿದ್ಯುತ್ ಭಾಗವನ್ನು ಅನುಮಾನಿಸಬೇಕು. ಹೊರಗೆ ಅಡಾಪ್ಟರ್ ಇರುವ ಬಾಕ್ಸಾದರೆ ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಪಿನ್ನಿನ ಧನ–ಋಣವೂ ಅದೇ ಇರುವ ಇನ್ನೊಂದು ಅಡಾಪ್ಟರ್ ಹಾಕಿ ನೋಡಿ. ಮಲ್ಟಿಮೀಟರ್ 12 ವೋಲ್ಟ್ ತೋರಿಸಿತೆಂದು ಹಳೆಯದನ್ನು ನಂಬಬೇಡಿ, ಬಾಕ್ಸಿನ ಭಾರ ಬಿದ್ದಾಗ ಅದು ಕುಸಿಯುತ್ತಿರಬಹುದು. ವಿದ್ಯುತ್ ಭಾಗ ಒಳಗೇ ಇದ್ದರೆ ಸಾಮಾನ್ಯವಾಗಿ ತಲೆ ಉಬ್ಬಿದ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಡಬ್ಬಿಯಂಥ ಬಿಡಿಭಾಗ) ಕಣ್ಣಿಗೆ ಬೀಳುತ್ತದೆ. ಆದರೆ ಅಲ್ಲಿರುವ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ವಿದ್ಯುತ್ತು ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಬೆಸುಗೆಯ ಅಭ್ಯಾಸವಿಲ್ಲದಿದ್ದರೆ ಅದನ್ನು ನೀವು ಮುಟ್ಟುವುದು ನನಗೆ ಬೇಡ. ಪೇಟೆಯಲ್ಲಿ ರೇಡಿಯೋ, ಟಿವಿ ಬಿಚ್ಚಿ ಕೆಲಸ ಮಾಡುವವರ ಬಳಿ ಒಯ್ದು, ಕೆಪಾಸಿಟರ್ ಬದಲಿಸಿಕೊಡಿ ಎಂದು ಕೇಳಿ.

ಗುಡುಗು ಕೇಳುವ ಮೊದಲೇ, ಮೋಡ ಕವಿಯುವಾಗಲೇ ಪ್ಲಗ್ಗನ್ನೂ ಡಿಶ್ ವೈರನ್ನೂ ಎರಡನ್ನೂ ತೆಗೆದಿಡಿ. ಸಿಡಿಲು ಡಿಶ್ ವೈರಿನಿಂದಲೂ ಬರುತ್ತದೆ. ವೈರು ಬಿಚ್ಚಿದಾಗ ದೀಪ ಏನು ಮಾಡಿತು, ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿದೆ ಎಂಬುದನ್ನು ತಿಳಿಸಿ. ಮುಂದೆ ಏನು ಮಾಡಬೇಕೆಂದು ಅದನ್ನು ನೋಡಿ ಹೇಳುತ್ತೇನೆ.