ಎರಡನೇ ಪುಸ್ತಕ ಬಿಟ್ಟು ಮೂರನೆಯದಕ್ಕೆ ಹೋಗಬೇಡಿ

ಮಗಳು ಫಿಲಿಪ್ ಪುಲ್ಮನ್ ಬರೆದ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಸರಣಿಯ ಮೊದಲ ಪುಸ್ತಕ ‘ನಾರ್ದರ್ನ್ ಲೈಟ್ಸ್’ ಒಂದೇ ಉಸಿರಿಗೆ ಓದಿದಳು, ಎರಡನೆಯದಾದ ‘ದ ಸಟಲ್ ನೈಫ್’ ಮಾತ್ರ ಕಥಾನಾಯಕಿ ಲೈರಾನೇ ಇಲ್ಲ ಅಂತ ಕೆಲವೇ ಪುಟಕ್ಕೆ ಕೆಳಗಿಟ್ಟಳು, ನೇರ ಮೂರನೆಯದು ಕೊಡಲಾ ಅಂತ ಕೇಳಿದ್ದೀರಿ. ಬೇಡ. ಮೊದಲ ಅಧ್ಯಾಯ ಮುಗಿಯುವುದರೊಳಗೇ ಲೈರಾ ಬರುತ್ತಾಳೆ. ಅಲ್ಲಿವರೆಗೆ ವಿಲ್ ಅನ್ನೋ ಹುಡುಗನ ಕಥೆ, ಅದೂ ನಮ್ಮದೇ ಲೋಕದ್ದು, ಸಪ್ಪೆ ಅನಿಸಿರಬೇಕು. ರಸ್ತೆ ಬದಿಯಲ್ಲಿ ಒಂದು ಬೆಕ್ಕು ಬರೀ ಗಾಳಿಯನ್ನು ಪಂಜದಿಂದ ತಡವಿ, ಬೆದರಿ, ಆಮೇಲೆ ಮುಂದೆ ಕಾಲಿಟ್ಟು ಮಾಯವಾಗುತ್ತಲ್ಲ, ಆ ಜಾಗದಿಂದ ನೀವೇ ಜೋರಾಗಿ ಓದಿ ಹೇಳಿ ನೋಡಿ. ಆಮೇಲೆ ಪುಸ್ತಕ ಅವಳೇ ಕಿತ್ತುಕೊಳ್ಳುತ್ತಾಳೆ.

ಬಿಟ್ಟರೆ ನಷ್ಟ ಜಾಸ್ತಿ. ದೊಡ್ಡವರೇ ಇಲ್ಲದ ಆ ಊರು, ಮಕ್ಕಳನ್ನು ಮುಟ್ಟದೆ ದೊಡ್ಡವರನ್ನಷ್ಟೇ ಹಿಡಿಯುವ ಭೂತಗಳು, ಲೋಕದಿಂದ ಲೋಕಕ್ಕೆ ಕಿಟಕಿ ಕೊಯ್ಯುವ ಚೂರಿ, ಎಲ್ಲ ಶುರುವಾಗುವುದೇ ಇಲ್ಲಿ. ಇದು ಗೊತ್ತಿಲ್ಲದೆ ಮೂರನೆಯದು ತೆರೆದರೆ ತಲೆಬುಡ ತಿಳಿಯಲ್ಲ. (ನನಗಂತೂ ಮೂರರಲ್ಲಿ ಇದೇ ಇಷ್ಟ, ಸುಮ್ನೆ ಎಳೆಯೋದಿಲ್ಲ.)

ಒಂದು ಮಾತು, ಚೂರಿಗಾಗಿ ನಡೆಯುವ ಜಗಳದಲ್ಲಿ ವಿಲ್ ಎರಡು ಬೆರಳು ಕಳೆದುಕೊಳ್ಳುತ್ತಾನೆ, ರಕ್ತ ಬೇಗ ನಿಲ್ಲುವುದೂ ಇಲ್ಲ. ಮಗಳು ಹೆದರುವವಳಾದರೆ ಆ ಭಾಗ ಜೊತೆಗೆ ಕೂತು ಓದಿ. ಕೊನೆ ಥಟ್ಟನೆ ನಿಲ್ಲುತ್ತೆ, ಮೂರನೆಯದಾದ ‘ದ ಆಂಬರ್ ಸ್ಪೈಗ್ಲಾಸ್’ ಮೊದಲೇ ತಂದಿಟ್ಟಿರಿ.