ವಿದೇಶದಲ್ಲಿ ಕಾರ್ಡ್ ಉಜ್ಜುವಾಗ ರೂಪಾಯಿ ಒತ್ತಬೇಡಿ

ಮಗಳನ್ನು ನೋಡಲು ಲಂಡನ್ನಿಗೆ ಹೊರಟಿದ್ದೇವೆ. ಅಂಗಡಿಯ ಕಾರ್ಡ್ ಮೆಷಿನ್ನು ರೂಪಾಯಿಯೋ ಪೌಂಡೋ ಎಂದು ಕೇಳುತ್ತದಂತೆ. ರೂಪಾಯಿ ಒತ್ತಿದರೆ ಲೆಕ್ಕ ಸುಲಭ, ಅಲ್ವಾ?
– ಓದುಗರು, ಸಾಗರ

ಪೌಂಡ್ ಒತ್ತಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಅದಕ್ಕೇ ಇವತ್ತು ಬಿಡಿಸಿ ಹೇಳುತ್ತೇನೆ.

ರೂಪಾಯಿ ಒತ್ತಿದರೆ ಪೌಂಡಿನ ರೇಟು ಕಟ್ಟುವುದು ಅಂಗಡಿಯವರ ಕಡೆಯ ಬ್ಯಾಂಕು ಅಥವಾ ಅದರ ಏಜೆನ್ಸಿ. ಅವರು ತಮ್ಮ ಲಾಭ ಸೇರಿಸಿಯೇ ಕಟ್ಟುತ್ತಾರೆ. ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿ 12,000 ಆಗುವ ಬಿಲ್ಲಿಗೆ 12,700 ತೋರಿಸಿದರೂ ನಿಮಗೆ ಗೊತ್ತಾಗುವುದಿಲ್ಲ. ಮಂಡಿಯಲ್ಲಿ ರೇಟು ವಿಚಾರಿಸದೆ ಅಡಿಕೆ ಬಿಡದ ನಮ್ಮವರು ಅಲ್ಲಿ ಮಾತ್ರ ಸುಮ್ನೆ ಹಸಿರು ಬಟನ್ ಒತ್ತಿ ಬರುತ್ತಾರೆ. ಸಾಲದ್ದಕ್ಕೆ, ಹೊರದೇಶದಲ್ಲಿ ರೂಪಾಯಿಯಲ್ಲಿ ಉಜ್ಜಿದ್ದಕ್ಕೆ ನಮ್ಮ ಎಷ್ಟೋ ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಪೌಂಡ್ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ ರೂಪಾಯಿ ಒತ್ತುವುದಂತೂ ಎರಡೆರಡು ಸಲ ಕೈಸುಟ್ಟುಕೊಳ್ಳುವ ಕೆಲಸ. ಪೌಂಡು ರೂಪಾಯಿಯಾಗಿ, ರೂಪಾಯಿ ಮತ್ತೆ ಪೌಂಡಾಗುತ್ತದೆ.

ಎಟಿಎಂನಲ್ಲಿ ಇನ್ನೂ ಹುಷಾರು. ರೇಟು ತೋರಿಸಿ ‘ಅಕ್ಸೆಪ್ಟ್ ಕನ್ವರ್ಷನ್’, ‘ಡಿಕ್ಲೈನ್ ಕನ್ವರ್ಷನ್’ ಎಂದು ಕೇಳುತ್ತದೆ. ಡಿಕ್ಲೈನ್ ಒತ್ತಿದರೆ ದುಡ್ಡೇ ಬರುವುದಿಲ್ಲ ಎಂದು ಹೆದರಿ ಜನ ಅಕ್ಸೆಪ್ಟ್ ಒತ್ತುತ್ತಾರೆ. ಹೆದರಬೇಡಿ, ದುಡ್ಡು ಬರುತ್ತದೆ. ಬೇಡ ಎಂದಿದ್ದು ಅವರ ರೇಟನ್ನು ಮಾತ್ರ. ಆಮೇಲೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ರೇಟು, ಅದರ ಮೇಲೆ ನಿಮ್ಮ ಬ್ಯಾಂಕಿನ ಮಾರ್ಕಪ್, ಅಂದರೆ ಬ್ಯಾಂಕು ಸೇರಿಸುವ ಶುಲ್ಕ, ಬೀಳುತ್ತದೆ. ಅದು ಸಾಮಾನ್ಯವಾಗಿ ಶೇ 3.5ರ ಒಳಗೇ ಇರುತ್ತದೆ.

ಕೆಲವು ಹೋಟೆಲಿನವರು ನಿಮ್ಮನ್ನು ಕೇಳದೆ ತಾವೇ ರೂಪಾಯಿ ಒತ್ತಿಬಿಡುತ್ತಾರೆ. ಚೀಟಿಯಲ್ಲಿ ‘ಐಎನ್‌ಆರ್’ (ಅಂದರೆ ರೂಪಾಯಿ) ಕಂಡರೆ ಕೌಂಟರ್ ಬಿಡಬೇಡಿ. ರದ್ದು ಮಾಡಿಸಿ, ಪೌಂಡಿನಲ್ಲೇ ಮತ್ತೆ ಹಾಕಿಸಿ. ಆಯ್ಕೆ ಗಿರಾಕಿಯದು ಎಂಬುದು ಕಾರ್ಡ್ ಕಂಪನಿಗಳದೇ ನಿಯಮ. ಸಂಕೋಚ ಬೇಡ.

ಯುಪಿಐ ಎಲ್ಲ ದೇಶದಲ್ಲೂ ನಡೆಯುತ್ತದಾ? – ತೀರ್ಥಹಳ್ಳಿ

ಇಲ್ಲ. ಸಿಂಗಾಪುರ, ಯುಎಇ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್‌ನಂಥ ಕೆಲವು ದೇಶಗಳ ಕೆಲವು ಅಂಗಡಿಗಳಲ್ಲಿ ಮಾತ್ರ. ಅದೊಂದನ್ನೇ ನಂಬಿ ವಿಮಾನ ಹತ್ತಬೇಡಿ.

ಪಿನ್ ಉಲ್ಟಾ ಒತ್ತಿದರೆ ಪೊಲೀಸರು ಬರುತ್ತಾರಂತೆ? – ಭದ್ರಾವತಿ

ಶುದ್ಧ ಸುಳ್ಳು. ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.

ಪರಿಚಯದ ಏಜೆಂಟು ಬಿಲ್ ಇಲ್ಲದೆ ಕಡಿಮೆಗೆ ಡಾಲರ್ ಕೊಡುತ್ತಾರೆ. ತಗೊಳ್ಳಲಾ? – ಹೊಸನಗರ

ಬೇಡವೇ ಬೇಡ. ಅದು ಕಾನೂನುಬಾಹಿರ. ನೋಟು ಖೋಟಾ ಆಗಿದ್ದರೆ ಕೇಳುವವರೂ ಇಲ್ಲ. ಬ್ಯಾಂಕಿನಲ್ಲಿ ಅಥವಾ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವವರ ಹತ್ತಿರ ಬಿಲ್ ಸಮೇತ ತಗೊಳ್ಳಿ.

ಹೋದ ಸಲ ವಿದೇಶದಲ್ಲಿ ಕಾರ್ಡೇ ನಡೆಯಲಿಲ್ಲ. – ಶಿಕಾರಿಪುರ

2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮೊದಲಿಗೆ ಆಫ್ ಇರುತ್ತದೆ. ಶಿವಮೊಗ್ಗ ಬಿಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ, ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಹಾಕಿಸಿ.