ಟಿವಿ ವಿಮರ್ಶಕರ ಹೆಬ್ಬೆರಳಿಗೆ ಟಿಕೆಟ್ ಮಾರುವ ತಾಕತ್ತು ಇತ್ತಾ?

ಟಿವಿಯಲ್ಲಿ ಕೂತು ಸಿನಿಮಾ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವವರ ಮಾತು ಕೇಳಿ ಜನ ನಿಜವಾಗಿ ಥಿಯೇಟರಿಗೆ ಹೋಗುತ್ತಾರಾ, ಅಥವಾ ಅದು ವಿಮರ್ಶಕರ ಭ್ರಮೆಯಾ ಎಂದು ಕೇಳಿದ್ದೀರಿ. ಅಮೆರಿಕದ ಸಿಸ್ಕೆಲ್ ಮತ್ತು ಈಬರ್ಟ್ ಜೋಡಿಯ ಹೆಸರನ್ನೂ ಎತ್ತಿದ್ದೀರಿ. ಆ ಜೋಡಿಯ ಹಳೆಯ ಎಪಿಸೋಡುಗಳನ್ನು ನಿದ್ದೆಗೆಟ್ಟು ನೋಡುವ ಗಿರಾಕಿ ನಾನು. ಹಾಗಾಗಿ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಸಹಿಸಿಕೊಳ್ಳಿ.

ನನಗೆ ಅನಿಸುವುದು ಇಷ್ಟು. ದೊಡ್ಡ ಸಿನಿಮಾವನ್ನು ಅವರು ಮುಳುಗಿಸಲಾರರು. ಯಾರಿಗೂ ಗೊತ್ತಿಲ್ಲದ ಸಿನಿಮಾವನ್ನು ಮಾತ್ರ ಎತ್ತಿ ನಿಲ್ಲಿಸಬಲ್ಲರು.

ಮೊದಲು ಇವರು ಯಾರು ಎಂದು ಹೇಳಿಬಿಡುತ್ತೇನೆ. ಜೀನ್ ಸಿಸ್ಕೆಲ್ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯವರು. ರೋಜರ್ ಈಬರ್ಟ್ ಶಿಕಾಗೋ ಸನ್-ಟೈಮ್ಸ್‌ನವರು. ಒಂದೇ ಊರಿನ ಎದುರಾಳಿ ಪತ್ರಿಕೆಗಳು. 1975ರಲ್ಲಿ ಅಲ್ಲಿನ ಸಾರ್ವಜನಿಕ ಟಿವಿ ವಾಹಿನಿಯೊಂದು ಇಬ್ಬರನ್ನೂ ಎದುರುಬದುರು ಕೂರಿಸಿತು. ಕೆಲವೇ ವರ್ಷಗಳಲ್ಲಿ ಕಾರ್ಯಕ್ರಮ ದೇಶಕ್ಕೆಲ್ಲ ಹೋಯಿತು. ಶುರುವಿನಲ್ಲಿ ಬರೀ 'ಹೌದು', 'ಇಲ್ಲ' ಎನ್ನುತ್ತಿದ್ದರು. ಸಿನಿಮಾ ಹಿಡಿಸಿದರೆ ಮೇಲೆ, ಹಿಡಿಸದಿದ್ದರೆ ಕೆಳಗೆ ತೋರಿಸುವ ಪ್ರಸಿದ್ಧವಾದ ಆ ಹೆಬ್ಬೆರಳು ಬಂದದ್ದು 1986ರಲ್ಲಿ, ಡಿಸ್ನಿಯ ಟಿವಿ ಕಂಪನಿಗೆ ಹೋದ ಮೇಲೆ. ಆಮೇಲೆ ಪೋಸ್ಟರುಗಳ ಮೇಲೆಲ್ಲ 'ಎರಡು ಹೆಬ್ಬೆರಳೂ ಮೇಲಕ್ಕೆ' ಎಂಬ ಸಾಲು. ಅದನ್ನು ಟ್ರೇಡ್‌ಮಾರ್ಕ್ ಕೂಡ ಮಾಡಿಸಿಟ್ಟಿದ್ದರು!

ಈಗ ಬೈದರೆ ಏನಾಗುತ್ತಿತ್ತು ನೋಡಿ. 1980ರಲ್ಲಿ 'ಫ್ರೈಡೇ ದ ಥರ್ಟೀನ್ತ್' ಎಂಬ ಹೆದರಿಸುವ ಸಿನಿಮಾ ಬಂತು. ಸಿಸ್ಕೆಲ್‌ಗೆ ಎಷ್ಟು ಸಿಟ್ಟು ಬಂತೆಂದರೆ, ತನ್ನ ಪತ್ರಿಕೆಯಲ್ಲಿ ಬೇಕಂತಲೇ ಕ್ಲೈಮ್ಯಾಕ್ಸ್ ಬಿಟ್ಟುಕೊಟ್ಟರು. ಸ್ಟುಡಿಯೋದ ಯಜಮಾನ ಕಂಪನಿಗೆ ಪತ್ರ ಬರೆದು ಬೈಯಿರಿ ಎಂದು ಓದುಗರಿಗೆ ಹೇಳಿದರು. ಅದೇ ವರ್ಷ ಇಬ್ಬರೂ ಸೇರಿ, ಹೆಂಗಸರನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಇಂಥ ಸಿನಿಮಾಗಳ ವಿರುದ್ಧ ಟಿವಿಯಲ್ಲಿ ಇಡೀ ಒಂದು ಎಪಿಸೋಡ್ ಮಾಡಿದರು. ಪರಿಣಾಮ? ಸುಮಾರು 5.5 ಲಕ್ಷ ಡಾಲರಿನಲ್ಲಿ ತಯಾರಾದ ಆ ಸಿನಿಮಾ ಅಮೆರಿಕದಲ್ಲೇ ಸುಮಾರು 4 ಕೋಟಿ ಡಾಲರ್ ದುಡಿಯಿತು. ಮುಂದಿನ ಭಾಗಗಳು ಸಾಲುಗಟ್ಟಿ ಬಂದವು. ರಕ್ತ ನೋಡಲೆಂದೇ ಹೋಗುವ ಹುಡುಗನಿಗೆ 'ಥೂ, ಬರೀ ರಕ್ತ' ಎಂದು ಹೇಳಿದರೆ ಅದು ಆಹ್ವಾನವೇ ಅಲ್ವಾ?

ಇನ್ನೊಂದು ಕಡೆ ನೋಡಿ. 1981ರಲ್ಲಿ ಲೂಯಿ ಮಾಲ್ ನಿರ್ದೇಶಿಸಿದ 'ಮೈ ಡಿನ್ನರ್ ವಿತ್ ಆಂಡ್ರೆ' ಬಂತು. ಇಬ್ಬರು ಗೆಳೆಯರು ರೆಸ್ಟೋರೆಂಟಿನಲ್ಲಿ ಕೂತು ಊಟ ಮಾಡುತ್ತ ಮಾತಾಡುತ್ತಾರೆ. ಹತ್ತಿರ ಹತ್ತಿರ ಎರಡು ಗಂಟೆ, ಅಷ್ಟೇ. ಇದಕ್ಕೆ ಯಾವ ಜಾಹೀರಾತು ಮಾಡುತ್ತೀರಿ? ಟ್ರೈಲರಿನಲ್ಲಿ ಏನು ತೋರಿಸುತ್ತೀರಿ? ಆ ಸಿನಿಮಾ ಥಿಯೇಟರಿನಲ್ಲಿ ಉಳಿದುಕೊಳ್ಳಲು ಟಿವಿಯಲ್ಲಿ ಈ ಇಬ್ಬರು ಹೊಗಳಿದ್ದು ದೊಡ್ಡ ಕಾರಣ ಎಂದು ಇವತ್ತಿಗೂ ಹೇಳುತ್ತಾರೆ. 1994ರ 'ಹೂಪ್ ಡ್ರೀಮ್ಸ್' ಕಥೆಯೂ ಹಾಗೆಯೇ. ಬ್ಯಾಸ್ಕೆಟ್‌ಬಾಲ್ ಕನಸು ಕಟ್ಟಿಕೊಂಡ ಶಿಕಾಗೋದ ಇಬ್ಬರು ಹುಡುಗರ ಬಗ್ಗೆ ಸುಮಾರು ಮೂರು ಗಂಟೆಯ ಸಾಕ್ಷ್ಯಚಿತ್ರ. ಅದಕ್ಕಿನ್ನೂ ವಿತರಕರೇ ಸಿಕ್ಕಿರಲಿಲ್ಲ, ಆಗಲೇ ಇವರು ಟಿವಿಯಲ್ಲಿ ಅದರ ಬಗ್ಗೆ ಮಾತಾಡಿದರು. ವರ್ಷದ ಕೊನೆಗೆ ಇಬ್ಬರೂ ಅದನ್ನೇ ಆ ವರ್ಷದ ಅತ್ಯುತ್ತಮ ಸಿನಿಮಾ ಎಂದರು. ಆಸ್ಕರ್‌ನವರು ಅದನ್ನು ಸಾಕ್ಷ್ಯಚಿತ್ರದ ಪಟ್ಟಿಗೂ ಸೇರಿಸಲಿಲ್ಲ, ಅದು ಬೇರೆ ಮಾತು.

ಇವೆಲ್ಲ ಬಿಡಿ ಉದಾಹರಣೆಗಳು, ಲೆಕ್ಕ ತೋರಿಸಿ ಎನ್ನಬಹುದು ನೀವು. ಲೆಕ್ಕವೂ ಇದೆ. 1997ರಲ್ಲಿ ಎಲಿಯಾಶ್‌ಬರ್ಗ್ ಮತ್ತು ಶುಗನ್ ಎಂಬ ಸಂಶೋಧಕರು ಒಂದು ವಿಷಯ ಗಮನಿಸಿದರು. ವಿಮರ್ಶೆಗೂ ಸಿನಿಮಾದ ಒಟ್ಟು ಗಳಿಕೆಗೂ, ಕೊನೆಕೊನೆಯ ವಾರಗಳ ಗಳಿಕೆಗೂ ಸಂಬಂಧ ಕಾಣುತ್ತದೆ. ಮೊದಲ ವಾರಗಳ ಗಳಿಕೆಗೆ ಕಾಣುವುದಿಲ್ಲ. ವಿಮರ್ಶಕರೇ ಜನರನ್ನು ಕಳಿಸುತ್ತಿದ್ದರೆ ಮೊದಲ ವಾರವೇ ಅದು ಗೊತ್ತಾಗಬೇಕಿತ್ತು. ಅಂದರೆ ಅವರು ಜನರ ರುಚಿಯನ್ನು ತಿದ್ದುತ್ತಿರಲಿಲ್ಲ, ಮುಂಚಿತವಾಗಿ ಊಹಿಸುತ್ತಿದ್ದರು. ಒಳ್ಳೆಯ ಸಿನಿಮಾವನ್ನು ಅವರು ಹೊಗಳುತ್ತಾರೆ, ಜನರೂ ತಮ್ಮ ಪಾಡಿಗೆ ತಾವು ಮೆಚ್ಚುತ್ತಾರೆ.

2005ರಲ್ಲಿ ರೈನ್‌ಸ್ಟೈನ್ ಮತ್ತು ಸ್ನೈಡರ್ ಇದನ್ನೇ ಬೇರೆ ಥರ ಪರೀಕ್ಷಿಸಿದರು, ಅದೂ ಸಿಸ್ಕೆಲ್-ಈಬರ್ಟ್ ಕಾರ್ಯಕ್ರಮವನ್ನೇ ಇಟ್ಟುಕೊಂಡು. ಇದು ನನಗೆ ತುಂಬಾ ಇಷ್ಟವಾದ ಉಪಾಯ. ಕೆಲವು ಸಿನಿಮಾಗಳ ವಿಮರ್ಶೆ ಮೊದಲ ವಾರಾಂತ್ಯ ಮುಗಿಯುವ ಮುಂಚೆ ಪ್ರಸಾರವಾಗುತ್ತಿತ್ತು, ಕೆಲವದು ಮುಗಿದ ಮೇಲೆ. ಆಮೇಲೆ ಬಂದ ವಿಮರ್ಶೆ ಆ ವಾರಾಂತ್ಯದ ಟಿಕೆಟ್ಟುಗಳನ್ನು ಮಾರಿರಲು ಸಾಧ್ಯವೇ ಇಲ್ಲ. ಹಾಗಾಗಿ ಎರಡನ್ನೂ ಹೋಲಿಸಿದರೆ ನಿಜವಾದ ಪ್ರಭಾವ ಎಷ್ಟು ಎಂದು ಸಿಗುತ್ತದೆ. ಸಿಕ್ಕಿದ್ದು ಮೇಲ್ನೋಟಕ್ಕೆ ಕಂಡದ್ದಕ್ಕಿಂತ ಕಮ್ಮಿ. ಹಾಗಂತ ಸೊನ್ನೆಯಲ್ಲ. ಹೊಗಳಿಕೆ ಜಾಸ್ತಿ ಕೆಲಸ ಮಾಡಿದ್ದು ಎಲ್ಲಿ ಗೊತ್ತಾ? ಡ್ರಾಮಾ ಥರದ ಸಿನಿಮಾಗಳಲ್ಲಿ, ಮತ್ತೆ ಕೆಲವೇ ಥಿಯೇಟರುಗಳಲ್ಲಿ ಬಿಡುಗಡೆಯಾದವುಗಳಲ್ಲಿ.

ಟಿವಿಗೆ ಈ ಬಲ ಬಂದದ್ದು ಕ್ಲಿಪ್ಪಿನಿಂದ ಎಂದು ನನ್ನ ಅನಿಸಿಕೆ. ಪತ್ರಿಕೆಯಲ್ಲಿ ಓದಿದರೆ ಬರೆದವರ ಮಾತನ್ನು ನಂಬಬೇಕು. ಟಿವಿಯಲ್ಲಿ ಒಂದು ನಿಮಿಷದ ದೃಶ್ಯ ನಿಮ್ಮ ಕಣ್ಣ ಮುಂದೆಯೇ ಇರುತ್ತದೆ. ವಿಮರ್ಶಕ ಏನೇ ಅನ್ನಲಿ, ನೀವಾಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿರುತ್ತೀರಿ.

ಇನ್ನೊಂದು, ಅವರ ಜಗಳ. 1987ರಲ್ಲಿ ಒಂದೇ ಎಪಿಸೋಡಿನಲ್ಲಿ ಈಬರ್ಟ್, ಹೆಸರಾಂತ ನಿರ್ದೇಶಕ ಕುಬ್ರಿಕ್‌ನ ಯುದ್ಧದ ಸಿನಿಮಾ 'ಫುಲ್ ಮೆಟಲ್ ಜಾಕೆಟ್'ಗೆ ಹೆಬ್ಬೆರಳು ಕೆಳಗೆ ಮಾಡಿ, ಬೆಂಜಿ ಎಂಬ ನಾಯಿಯ ಸಿನಿಮಾಗೆ ಮೇಲೆ ಮಾಡಿದರು. ಸಿಸ್ಕೆಲ್‌ಗೆ ತಡೆಯಲಾಗಲಿಲ್ಲ. ಕುಬ್ರಿಕ್ ಬೇಡ, ನಾಯಿ ಬೇಕಾ ಎಂದು ಅಲ್ಲೇ ಕಾಲೆಳೆದರು. ಆ ತುಣುಕು ಹುಡುಕಿ ನೋಡಿ, ನಗು ಬರುತ್ತದೆ. ಆದರೆ ಆ ಜಗಳದಿಂದ ನೋಡುಗನಿಗೆ ಎಷ್ಟೊಂದು ಗೊತ್ತಾಗುತ್ತದೆ! ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ದಾರಿ, ಕುಬ್ರಿಕ್ ಅಭಿಮಾನಿಗೆ ಇನ್ನೊಂದು. ಹೆಬ್ಬೆರಳು ವಿಮರ್ಶೆಯನ್ನೇ ಹಾಳುಮಾಡಿತು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರು ಬೆರಳನ್ನಷ್ಟೇ ನೋಡಿದರು, ಅದಕ್ಕೆ ಮುಂಚಿನ ನಾಲ್ಕು ನಿಮಿಷದ ವಾದವನ್ನು ಕೇಳಲಿಲ್ಲ ಎಂದು ನನಗನಿಸುತ್ತದೆ.

ನಿಜವಾಗಿ ಬರೀ ಬೆರಳು ಉಳಿದಿರುವುದು ಈಗ. ವಿಮರ್ಶೆಗಳನ್ನೆಲ್ಲ ಒಟ್ಟು ಹಾಕಿ ಶೇಕಡಾವಾರು ತೋರಿಸುವ ರಾಟನ್ ಟೊಮೇಟೋಸ್ ಜಾಲತಾಣದಲ್ಲಿ 90 ಶೇಕಡಾ ಎಂದರೆ ಆ ಸಿನಿಮಾಗೆ 90 ಅಂಕ ಎಂದಲ್ಲ. ನೂರರಲ್ಲಿ ತೊಂಬತ್ತು ವಿಮರ್ಶಕರು 'ಪರವಾಗಿಲ್ಲ, ನೋಡಬಹುದು' ಎಂದರೂ ಅದೇ 90. ಎಲ್ಲರಿಗೂ ಅಷ್ಟಕ್ಕಷ್ಟೇ ಇಷ್ಟವಾದದ್ದು ಮೇಲೆ ಹೋಗುತ್ತದೆ. ಅರ್ಧ ಜನ ಹುಚ್ಚಾಗಿ ಪ್ರೀತಿಸಿ ಇನ್ನರ್ಧ ಎದ್ದು ಹೋದದ್ದು 50ರಲ್ಲಿ ಕೂರುತ್ತದೆ.

ನಾನು ಏನು ಮಾಡುತ್ತೇನೆ ಎಂದೂ ಕೇಳಿದ್ದೀರಲ್ಲ. ನನ್ನ ರುಚಿಗೆ ಪೂರ್ತಿ ಉಲ್ಟಾ ಇರುವ ಒಬ್ಬ ವಿಮರ್ಶಕರನ್ನು ಹಿಡಿದಿಟ್ಟುಕೊಂಡಿದ್ದೇನೆ. ಹೆಸರು ಬೇಡ, ಪಾಪ. ಅವರು ಹೊಗಳಿದರೆ ಯೋಚಿಸುತ್ತೇನೆ. ಹೋದ ತಿಂಗಳು ಒಂದು ಸಿನಿಮಾ ಬಗ್ಗೆ 'ಏನೂ ನಡೆಯುವುದಿಲ್ಲ, ಮೂರು ಜನ ಸುಮ್ನೆ ಕೂತು ಮಾತಾಡುತ್ತಾರೆ' ಎಂದು ಗೊಣಗಿದರು. ಅವರ ಮಾತು ಮುಗಿಯುವಷ್ಟರಲ್ಲಿ ನಾನು ಟಿಕೆಟ್ ಬುಕ್ ಮಾಡಿಯಾಗಿತ್ತು.